ವಾಕ್ಯದ ಅಚ್ಚು: ಪೆರಿಯಕುಳಂ ಸೀಮೆಯ ಕನ್ನಡ ಮತ್ತು ನಮ್ಮ ದಿನಬಳಕೆಯ ಇಂಗ್ಲಿಷ್

ಪೆರಿಯಕುಳಂ ಎಂಬ ಹೆಸರನ್ನು ಕನ್ನಡ ಬಲ್ಲವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ತಮಿಳಿನ ‘ಪೆರಿಯ’ ಎಂಬುದು ಹಳಗನ್ನಡದ ‘ಪಿರಿಯ’, ಇಂದಿನ ‘ಹಿರಿಯ’. ‘ಕುಳಂ’ ಎಂಬುದು ನಮ್ಮ ‘ಕೊಳ’. ವರಾಹ ನದಿಯ ದಡದಲ್ಲಿ, ಕೊಡೈಕಾನಲ್ ಬೆಟ್ಟಗಳ ಬುಡದಲ್ಲಿ, ಮಾವಿನ ತೋಪುಗಳ ನಡುವೆ ಇರುವ ಈ ಊರು ಕನ್ನಡದ ಬಾಯಲ್ಲಿ ‘ಹಿರಿಯ ಕೊಳ’ವೇ ಸರಿ. ಎರಡು ಭಾಷೆಗಳಲ್ಲಿಯೂ ಗುಣವನ್ನು ಹೇಳುವ ಪದ ಮುಂದೆ, ವಸ್ತುವನ್ನು ಹೇಳುವ ಪದ ಹಿಂದೆ. ಇಂಗ್ಲಿಷಿನವರೂ ‘ಬಿಗ್ ಟ್ಯಾಂಕ್’ ಎಂದು ಇದೇ ಕ್ರಮದಲ್ಲಿ ಹೇಳುತ್ತಾರೆ. ಆದರೆ ಒಂದು ಹೆಜ್ಜೆ ಮುಂದಿಟ್ಟೊಡನೆ ದಾರಿ ಬೇರೆಯಾಗುತ್ತದೆ. ನಾವು ‘ಹಿರಿಯ ಕೊಳದಲ್ಲಿ’ ಎಂದು ‘ಅಲ್ಲಿ’ಯನ್ನು ಬಾಲಕ್ಕೆ ಕಟ್ಟುತ್ತೇವೆ, ತಮಿಳರು ‘ಪೆರಿಯ ಕುಳತ್ತಿಲ್’ ಎಂದು ತಮ್ಮ ‘ಇಲ್’ ಅನ್ನು ಅಲ್ಲಿಯೇ ಕಟ್ಟುತ್ತಾರೆ, ಇಂಗ್ಲಿಷಿನವರು ‘ಇನ್ ದ ಬಿಗ್ ಟ್ಯಾಂಕ್’ ಎಂದು ‘ಇನ್’ ಅನ್ನು ತಲೆಯ ಮೇಲೆ ಹೊರಿಸುತ್ತಾರೆ.

ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷ್ ಎಂಬ ಮೂರು ನೆಲೆಗಳಲ್ಲಿ ಬದುಕುವ ನಮ್ಮವರ ಮಾತಿನ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಪದಗಳ ಪಟ್ಟಿಯನ್ನು ಮಾಡುತ್ತಾರೆ. ಎಷ್ಟು ಪದಗಳು ಉಳಿದಿವೆ, ಎಷ್ಟು ಕಳೆದವು ಎಂದು ಲೆಕ್ಕ ಹಾಕಿ ನಿಟ್ಟುಸಿರು ಬಿಡುತ್ತಾರೆ. ನಾವು ಈ ಲೇಖನದಲ್ಲಿ ಪದಗಳನ್ನು ಬದಿಗಿಟ್ಟು, ಪದಗಳನ್ನು ಹಿಡಿದಿಡುವ ಅಚ್ಚನ್ನು, ಅಂದರೆ ವಾಕ್ಯದ ವ್ಯಾಕರಣವನ್ನು, ನೋಡಲು ಬಯಸುತ್ತೇವೆ. ಆ ಅಚ್ಚು ನಮ್ಮ ಕನ್ನಡದಲ್ಲಿ ಮಾತ್ರವಲ್ಲ, ನಾವು ದಿನವೂ ಆಡುವ ಇಂಗ್ಲಿಷಿನಲ್ಲಿಯೂ ಒತ್ತಿಕೊಂಡಿದೆ. ಇಂಗ್ಲಿಷಿನ ಒಳಗೆ ಅದರದೇ ಹಳೆಯ ಅಚ್ಚುಗಳೂ ಅಡಗಿವೆ.

ಕಂಬಂ ಕಣಿವೆ, ಪೆರಿಯಕುಳಂ, ದಿಂಡಿಗಲ್ ಸೀಮೆಗಳಿಗೆ ಕನ್ನಡ ಬಂದದ್ದು ಒಂದೇ ಅಲೆಯಲ್ಲಿ ಅಲ್ಲ. 14ನೆಯ ಶತಮಾನದಲ್ಲಿ ವಿಜಯನಗರದ ಕುಮಾರ ಕಂಪಣನು ಮಧುರೆಯನ್ನು ಗೆದ್ದ ಮೇಲೆ, ಅನಂತರ 16ನೆಯ ಶತಮಾನದಲ್ಲಿ ನಾಯಕರ ಆಳ್ವಿಕೆ ಅಲ್ಲಿ ನೆಲೆಯೂರಿದ ಮೇಲೆ, ಉತ್ತರದಿಂದ ತೆಲುಗು ಮತ್ತು ಕನ್ನಡ ಮಾತಿನ ಅನೇಕ ಕುಲಗಳು ದಕ್ಷಿಣಕ್ಕೆ ಸರಿದವು. ತಮಿಳರು ಕಪ್ಪಿಲಿಯರ್ ಎಂದು ಕರೆಯುವ ಒಕ್ಕಲು ಮಕ್ಕಳು, ಅನುಪ್ಪರು, ದೇವಾಂಗ ನೇಕಾರರಲ್ಲಿ ಕನ್ನಡವನ್ನಾಡುವ ಮನೆತನಗಳು ಹೀಗೆ ನೆಲೆಸಿದವರು. ಹಿರಿಯರ ಬಾಯಲ್ಲಿ ಉಳಿದ ಕಥೆಗಳು ತುಂಗಭದ್ರೆಯ ಕಡೆಗೆ ಬೆರಳು ತೋರಿಸುತ್ತವೆ. ಮುಂದೆ ಮೈಸೂರಿನ ಆಳ್ವಿಕೆ ದಿಂಡಿಗಲ್ಲಿನವರೆಗೆ ಚಾಚಿತು. 1755ರಲ್ಲಿ ಹೈದರಲಿಯು ಅಲ್ಲಿಯ ಫೌಜುದಾರನಾದನು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ದಿಂಡಿಗಲ್ ಕಂಪನಿಯ ಕೈಸೇರಿತು. ಅಂದಿನಿಂದ ಆ ಸೀಮೆಯ ಕಾಗದಪತ್ರ ಇಂಗ್ಲಿಷಿನದು, ಶಾಲೆ ತಮಿಳಿನದು. 1834ರಲ್ಲಿ ಆರಂಭವಾದ ಅಮೆರಿಕನ್ ಮಧುರಾ ಮಿಷನ್ನಿನವರು ದಿಂಡಿಗಲ್, ಪೆರಿಯಕುಳಂಗಳಲ್ಲಿಯೂ ಕೇಂದ್ರಗಳನ್ನು ತೆರೆದು ಶಾಲೆ ನಡೆಸಿದರು. ಅವರು ಕಲಿತು ಕಲಿಸಿದ ದೇಶಭಾಷೆ ತಮಿಳು. ಕನ್ನಡಕ್ಕೆ ಅಲ್ಲಿ ಹಲಗೆಯೂ ಇರಲಿಲ್ಲ, ಬಳಪವೂ ಇರಲಿಲ್ಲ.

ಬರಹವಿಲ್ಲದ ಆ ಕನ್ನಡದ ಒಂದು ತುಣುಕು, ವಿಚಿತ್ರವೆಂದರೆ, ಇಂಗ್ಲಿಷ್ ಪುಸ್ತಕದಲ್ಲಿ ಉಳಿದಿದೆ. ಕಂಬಂನ ಒಕ್ಕಲು ಮಕ್ಕಳು ದೇವರ ಹೆಸರಿನಲ್ಲಿ ಸಾಕಿಕೊಂಡು ಬಂದಿರುವ ದನಗಳ ಮಂದೆಯೊಂದಿದೆ. ತಮಿಳಿನಲ್ಲಿ ಅದಕ್ಕೆ ‘ತಂಬಿರಾನ್ ಮಾಡು’ ಎಂದು ಹೆಸರು. 1906ರಲ್ಲಿ ಮಧುರಾ ಜಿಲ್ಲೆಯ ಗೆಜೆಟಿಯರನ್ನು ಸಿದ್ಧಪಡಿಸಿದ ಡಬ್ಲ್ಯೂ. ಫ್ರಾನ್ಸಿಸ್ ಎಂಬ ಅಧಿಕಾರಿ ಈ ಮಂದೆಯ ಬಗೆಗೆ ಬರೆಯುವಾಗ ಅದರ ಕನ್ನಡ ಹೆಸರನ್ನೂ ದಾಖಲಿಸಿದನು: ‘ದೇವರು ಆವು’. 1909ರಲ್ಲಿ ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಮೇಲಿನ ತನ್ನ ಏಳು ಸಂಪುಟಗಳಲ್ಲಿ ಅದನ್ನು ಮತ್ತೆ ಎತ್ತಿಕೊಂಡನು.

ಎರಡೇ ಪದ. ಆದರೆ ಎಷ್ಟನ್ನು ಹೇಳುತ್ತವೆ! ‘ಆವು’ ಎಂಬುದು ಹಳಗನ್ನಡದ ಮಾತು. ಕರ್ನಾಟಕದ ಹೆಚ್ಚಿನ ಕಡೆ ಅದು ಹಸುವಿಗೂ ಆಕಳಿಗೂ ಜಾಗ ಬಿಟ್ಟುಕೊಟ್ಟು ಕಾವ್ಯಗಳೊಳಗೆ ಸೇರಿಕೊಂಡಿದೆ; ತುಂಗಭದ್ರೆಯಿಂದ ಇಷ್ಟು ದೂರದ ಕಣಿವೆಯಲ್ಲಿ ದನದ ದೊಡ್ಡಿಯ ಮಾತಾಗಿ ಉಳಿದಿತ್ತು. ಇನ್ನು ಜೋಡಣೆಯನ್ನು ನೋಡಿ. ನಾವಾದರೆ ‘ದೇವರ ಆವು’ ಎಂದು ಷಷ್ಠಿಯ ಅಕಾರವನ್ನು ಸೇರಿಸುತ್ತೇವೆ. ಅದು ಇಲ್ಲಿ ಕಾಣುವುದಿಲ್ಲ. ‘ತಂಬಿರಾನ್ ಮಾಡು’ ಎಂಬ ತಮಿಳು ಜೋಡಣೆಯಲ್ಲಿಯೂ ಷಷ್ಠಿಯ ಪ್ರತ್ಯಯವಿಲ್ಲ. ಒಡೆಯನನ್ನು ಹೇಳುವ ಪದ, ಅದರ ಬೆನ್ನಿಗೆ ದನ, ಅಷ್ಟೇ. ಊರಿನವರ ಬಾಯಿಯೇ ಹಾಗೆ ಆಡಿತ್ತೋ, ಬಿಳಿಯ ಅಧಿಕಾರಿಯ ಕಿವಿಯೇ ಹಾಗೆ ಕೇಳಿಸಿಕೊಂಡಿತೋ, ವಾದಿಸುವವರು ವಾದಿಸಲಿ. ನಮ್ಮ ಮಟ್ಟಿಗೆ ಮೊದಲನೆಯದೇ ಹೆಚ್ಚು ಸಂಭವ. ಪದಗಳು ಹಳಗನ್ನಡದಷ್ಟು ಹಳೆಯವು, ಅಚ್ಚು ಮಾತ್ರ ಪಕ್ಕದ ಮನೆಯ ತಮಿಳಿನ ಪಕ್ಕದಲ್ಲಿಯೇ ಕುಳಿತಿದೆ.

ಇಂದಿನ ಮಾತಿಗೆ ಬರೋಣ. ಬೆಳಗ್ಗೆ ಎಂಟೂವರೆಯ ಹೊತ್ತಿಗೆ ತಮಿಳು ಮನೆಯ ತಾಯಿಯೊಬ್ಬಳು ‘ಸ್ಕೂಲುಕ್ಕು ಲೇಟಾಚ್ಚು’ ಎಂದು ಕೂಗುತ್ತಾಳೆ. ಪಕ್ಕದ ಕನ್ನಡ ಮನೆಯ ತಾಯಿ ‘ಸ್ಕೂಲಿಗೆ ಲೇಟಾಯ್ತು’ ಎನ್ನುತ್ತಾಳೆ. ಎರಡು ವಾಕ್ಯಗಳಲ್ಲಿಯೂ ಅರ್ಥವನ್ನು ಹೊತ್ತ ಪದಗಳು ಎರಡೇ, ಎರಡೂ ಇಂಗ್ಲಿಷಿನವು. ಹಾಗಿದ್ದರೂ ಮೊದಲನೆಯದು ತಮಿಳು, ಎರಡನೆಯದು ಕನ್ನಡ ಎಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ‘ಇಗೆ’ ಎಂಬ ಒಂದು ಚತುರ್ಥಿ ಪ್ರತ್ಯಯ, ‘ಆಯ್ತು’ ಎಂಬ ಒಂದು ಕ್ರಿಯಾಪದ, ಇವೆರಡೇ ಆ ವಾಕ್ಯವನ್ನು ಕನ್ನಡದ್ದನ್ನಾಗಿ ಮಾಡಿವೆ. ಇಂಗ್ಲಿಷ್ ಪದ ಎಷ್ಟೇ ಬಂದರೂ ‘ಫೋನ್ ಮಾಡಿದ’, ‘ಟಿಕೆಟ್ಟನ್ನು ತೆಗೆದುಕೊ’, ‘ಬಸ್ಸಿನಿಂದ ಇಳಿ’ ಎನ್ನುವವರೆಗೆ ಮಾತು ಕನ್ನಡದ್ದೇ. ಕೇಶಿರಾಜನು 13ನೆಯ ಶತಮಾನದಲ್ಲಿ ಶಬ್ದಮಣಿದರ್ಪಣವನ್ನು ಬರೆದಾಗ ಸಂಸ್ಕೃತ ಪದಗಳ ವಿಚಾರದಲ್ಲಿ ಎದುರಿಸಿದ ಪ್ರಶ್ನೆಯೂ ಇದೇ. ಸಂಸ್ಕೃತ ಪದವೊಂದು ಕನ್ನಡ ಪದದೊಡನೆ ಸಮಾಸವಾಗಿ ಬೆರೆಯುವುದನ್ನು ಅರಿಸಮಾಸವೆಂದು ಆತ ಒಪ್ಪಲಿಲ್ಲ, ಕೆಲವು ರೂಢಿಗಳನ್ನು ಮಾತ್ರ ಬಿಟ್ಟುಕೊಟ್ಟನು. ಅದೇ ಸಂಸ್ಕೃತ ಪದ ಕನ್ನಡದ ವಿಭಕ್ತಿಯನ್ನು ತೊಟ್ಟು ಬಂದರೆ ಬಾಗಿಲು ತೆರೆದೇ ಇತ್ತು. ಇಂದು ‘ಮೇಲಧಿಕಾರಿ’ಯನ್ನು ಅರಿಸಮಾಸವೆಂದು ತಡೆಯುವವರು ಯಾರೂ ಇಲ್ಲ. ಬಂದ ಪದವನ್ನು ಕನ್ನಡದ ಪ್ರತ್ಯಯ ತೊಡಿಸಿ ಒಳಕ್ಕೆ ಕರೆದುಕೊಳ್ಳುವ ಪದ್ಧತಿಯಂತೂ ಏಳೆಂಟು ನೂರು ವರ್ಷಗಳಿಂದ ಬದಲಾಗಿಲ್ಲ.

ಭಾಷೆಯ ಕುಲವನ್ನು ಪದದಿಂದಲ್ಲ, ಅಚ್ಚಿನಿಂದ ಗುರುತಿಸಬೇಕೆಂಬ ತಿಳಿವಳಿಕೆ ನಮ್ಮ ದಕ್ಷಿಣದ ನೆಲದಲ್ಲಿ ದುಡಿದ ಯುರೋಪಿನ ವಿದ್ವಾಂಸರಲ್ಲಿಯೂ ಇತ್ತು. ಶ್ರೀರಾಮಪುರದ ವಿಲಿಯಂ ಕೇರಿ 1817ರಲ್ಲಿಯೂ, ಮದರಾಸಿನಲ್ಲಿ ಜಾನ್ ಮೆಕೆರೆಲ್ 1820ರಲ್ಲಿಯೂ ಇಂಗ್ಲಿಷಿನಲ್ಲಿ ಕನ್ನಡ ವ್ಯಾಕರಣಗಳನ್ನು ಅಚ್ಚು ಹಾಕಿಸಿದರು. ಇವರಿಗಿಂತ ಸ್ವಲ್ಪ ಮುಂಚೆ, 1816ರಲ್ಲಿ, ಮದರಾಸಿನ ಕಲೆಕ್ಟರನಾಗಿದ್ದ ಫ್ರಾನ್ಸಿಸ್ ವೈಟ್ ಎಲ್ಲಿಸ್ ಎಂಬಾತನು ಕ್ಯಾಂಬೆಲ್ಲನ ತೆಲುಗು ವ್ಯಾಕರಣಕ್ಕೆ ಬರೆದ ಟಿಪ್ಪಣಿಯಲ್ಲಿ, ತಮಿಳು ತೆಲುಗು ಕನ್ನಡಗಳು ಸಂಸ್ಕೃತದಿಂದ ಹುಟ್ಟಿದವಲ್ಲ, ಒಂದೇ ಮನೆಯವು ಎಂದು ತೋರಿಸಿದನು. ಅವನು ಧಾತುಗಳನ್ನು ಹೋಲಿಸಿದನು, ಪದಗಳನ್ನು ಹೋಲಿಸಿದನು, ಅಷ್ಟಕ್ಕೇ ನಿಲ್ಲದೆ ವಾಕ್ಯಗಳ ಕಟ್ಟನ್ನೂ ಹೋಲಿಸಿದನು. ಮೂರು ವರ್ಷಗಳ ಬಳಿಕ ರಾಮನಾಥಪುರದಲ್ಲಿ ಆತ ತೀರಿಕೊಂಡನು.

ಎಲ್ಲಿಸನ ಕೆಲಸ ಮರೆಯಾಯಿತು. ಕೀರ್ತಿ ರಾಬರ್ಟ್ ಕಾಲ್ಡ್‌ವೆಲ್ಲನ ಪಾಲಿಗೆ ಬಂತು. 1838ರಲ್ಲಿ ಮದರಾಸಿಗೆ ಬಂದಿಳಿದು ತಿರುನೆಲ್ವೇಲಿ ಸೀಮೆಯ ಇಡೈಯನ್‌ಗುಡಿಯಲ್ಲಿ ಬಾಳು ಸವೆಸಿದ ಈ ಪಾದ್ರಿ, 1856ರಲ್ಲಿ ದ್ರಾವಿಡ ಭಾಷೆಗಳ ತುಲನಾತ್ಮಕ ವ್ಯಾಕರಣವನ್ನು ಪ್ರಕಟಿಸಿದನು. ಸರ್ವನಾಮ, ಸಂಖ್ಯಾವಾಚಕ, ವಿಭಕ್ತಿ, ಆಖ್ಯಾತ ಎಂದು ಒಂದೊಂದನ್ನೂ ಬಿಡಿಸಿ, ಅವುಗಳ ಮೇಲೆ ಕುಲದ ನಿರ್ಣಯವನ್ನು ನಿಲ್ಲಿಸಿದನು. 1891ರಲ್ಲಿ ಆತ ಕೊನೆಯುಸಿರೆಳೆದದ್ದು ಕೊಡೈಕಾನಲ್ಲಿನಲ್ಲಿ, ಪೆರಿಯಕುಳಂನಿಂದ ತಲೆಯೆತ್ತಿದರೆ ಕಾಣುವ ಬೆಟ್ಟದ ಮೇಲೆ. ಮೋಟಾರು ರಸ್ತೆಯಿಲ್ಲದ ಆ ಕಾಲದಲ್ಲಿ ಕೊಡೈಕಾನಲ್ಲಿಗೆ ಏರುವ ಕಾಲುದಾರಿ ಪೆರಿಯಕುಳಂ ಬಳಿಯ ಬುಡದಿಂದಲೇ ಹೊರಡುತ್ತಿತ್ತು. ಆ ದಾರಿಯ ಆಸುಪಾಸಿನ ಊರುಗಳಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ಒಂದೇ ಸಂತೆಯಲ್ಲಿ ಕೇಳಿಬರುತ್ತಿದ್ದವು. ತುಲನಾತ್ಮಕ ವ್ಯಾಕರಣಕ್ಕೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಸಿಕ್ಕೀತೆ?

ಕುಲವನ್ನು ಅಚ್ಚಿನಿಂದ ತಿಳಿಯಬೇಕೆಂಬ ಮಾತಿಗೆ ಇಂಗ್ಲಿಷೇ ದೊಡ್ಡ ಸಾಕ್ಷಿ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಪದಗಳು ಆ ಭಾಷೆಗೆ ಪ್ರವಾಹದಂತೆ ನುಗ್ಗಿದವು. ಕೋರ್ಟು, ಜಡ್ಜು, ಗೌರ್ನಮೆಂಟು, ಪೊಲೀಸು ಎಂದು ನಾವಿಂದು ಇಂಗ್ಲಿಷೆಂದು ಎಣಿಸುವ ಪದಗಳು ಆ ಮನೆಗೂ ನೆಂಟರಾಗಿ ಬಂದವುಗಳೇ. ಆದರೂ ಇಂಗ್ಲಿಷ್ ಫ್ರೆಂಚಾಗಲಿಲ್ಲ. ಕ್ರಿಯಾಪದವನ್ನು ಕಟ್ಟುವ ರೀತಿ, ‘ದ’, ‘ಆಫ್’, ‘ಇನ್’, ‘ಹಿ’, ‘ಶಿ’ ಎಂಬ ಸಣ್ಣಪುಟ್ಟ ಪದಗಳು ಹಳೆಯವೇ ಉಳಿದವು. ನಮ್ಮ ಕಣಿವೆಯ ಕನ್ನಡಿಗರ ಪಾಡಿಗೂ ಆ ಜನರ ಪಾಡಿಗೂ ಇಷ್ಟರಮಟ್ಟಿಗೆ ಹೋಲಿಕೆಯುಂಟು.

ಹಳೆಯ ಇಂಗ್ಲಿಷಿಗೆ ನಮ್ಮಂತೆಯೇ ವಿಭಕ್ತಿಗಳಿದ್ದವೆಂಬುದು ಅನೇಕರಿಗೆ ಅಚ್ಚರಿಯ ಸಂಗತಿ. ಪದದ ಬಾಲವೇ ಕರ್ತೃವೋ ಕರ್ಮವೋ ಎಂದು ಹೇಳುತ್ತಿತ್ತು. ಕಾಲಕ್ರಮದಲ್ಲಿ ಆ ಬಾಲಗಳು ಸವೆದುಹೋದವು. ಅವುಗಳ ಕೆಲಸವನ್ನು ಪದಗಳ ಕ್ರಮವು ವಹಿಸಿಕೊಂಡಿತು. ನಾವು ‘ರಾಮನು ರಾವಣನನ್ನು ಕೊಂದನು’ ಎಂದರೂ, ‘ರಾವಣನನ್ನು ರಾಮನು ಕೊಂದನು’ ಎಂದರೂ, ‘ಕೊಂದನು ರಾವಣನನ್ನು ರಾಮನು’ ಎಂದರೂ ಸಾಯುವವನು ರಾವಣನೇ. ಇಂಗ್ಲಿಷಿನಲ್ಲಿ ‘ರಾಮ ಕಿಲ್ಡ್ ರಾವಣ’ ಎಂಬುದನ್ನು ತಿರುಗಿಸಿದರೆ ರಾಮಾಯಣವೇ ತಿರುಗಿಬೀಳುತ್ತದೆ. ಸವೆಯದೆ ಉಳಿದ ಚೂರುಗಳೂ ಇವೆ. ‘ಹಿ’ ಮತ್ತು ‘ಹಿಮ್’, ‘ಐ’ ಮತ್ತು ‘ಮಿ’, ‘ಬಾಯ್’ ಮತ್ತು ‘ಬಾಯ್ಸ್’ ಎಂಬ ಷಷ್ಠಿ, ಇವು ಪಾಳುಬಿದ್ದ ಕೋಟೆಯಲ್ಲಿ ನಿಂತಿರುವ ಬುರುಜುಗಳು.

ಇವುಗಳಲ್ಲಿ ನಮಗೆ ಅತ್ಯಂತ ಪ್ರಿಯವಾದದ್ದು ಚತುರ್ಥಿಯ ಕಥೆ. ನಾವು ‘ನನಗೆ ಹಸಿವು’ ಎನ್ನುತ್ತೇವೆ, ತಮಿಳರು ‘ಎನಕ್ಕು ಪಸಿಕ್ಕುದು’ ಎನ್ನುತ್ತಾರೆ. ಹಸಿವು ನಾವು ಮಾಡುವ ಕೆಲಸವಲ್ಲ, ನಮಗೆ ಬಂದು ಮುಟ್ಟುವ ಸ್ಥಿತಿ, ಆದುದರಿಂದಲೇ ಚತುರ್ಥಿ. ಇಂಗ್ಲಿಷಿನಲ್ಲಿ ‘ಐ ಆಮ್ ಹಂಗ್ರಿ’ ಎಂದು ‘ನಾನು’ ಕರ್ತೃವಾಗಿ ಎದ್ದು ನಿಲ್ಲುತ್ತಾನೆ. ಅದು ಅವರ ಸ್ವಭಾವವೇ ಹಾಗೆ ಎಂದು ಕೆಲವರು ತತ್ತ್ವಜ್ಞಾನವನ್ನೇ ಕಟ್ಟುವುದುಂಟು. ಆದರೆ ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನವರೂ ನಮ್ಮಂತೆಯೇ ‘ನನಗೆ ಹಸಿಯುತ್ತದೆ’ ಎಂಬ ಅಚ್ಚಿನಲ್ಲಿ ಹೇಳುತ್ತಿದ್ದರು. ಷೇಕ್ಸ್‌ಪಿಯರನ ಕಾಲದಲ್ಲಿಯೂ ಬಳಕೆಯಲ್ಲಿದ್ದ ‘ಮೀಥಿಂಕ್ಸ್’ ಎಂಬ ಮಾತಿನ ‘ಮೀ’ ಎಂದರೆ ‘ನನಗೆ’. ಇಡಿಯ ಪದಕ್ಕೆ ‘ನನಗೆ ತೋರುತ್ತದೆ’ ಎಂದರ್ಥ. ಇಂದು ಬೆರಳ ತುದಿಯಲ್ಲಿ ಒತ್ತುವ ‘ಲೈಕ್’ ಕೂಡ ಮೊದಲು ‘ಹಿಡಿಸು’ ಎಂಬ ಅರ್ಥದಲ್ಲಿತ್ತು. ವಸ್ತು ನನಗೆ ಹಿಡಿಸುತ್ತಿತ್ತು, ನಾನು ಅದನ್ನು ಲೈಕ್ ಮಾಡುತ್ತಿರಲಿಲ್ಲ. ‘ಇಫ್ ಯು ಪ್ಲೀಸ್’ ಎಂಬಲ್ಲಿನ ‘ಯು’ ಮೂಲತಃ ‘ನಿಮಗೆ’: ‘ನಿಮಗೆ ಇಷ್ಟವಾದರೆ’. ‘ನನಗೆ ಕಂಬಂ ದ್ರಾಕ್ಷಿ ಇಷ್ಟ’ ಎನ್ನುವ ನಮ್ಮ ಮಗುವಿನ ವಾಕ್ಯವನ್ನು ಹಳೆಯ ಇಂಗ್ಲಿಷಿನವನೊಬ್ಬನು ಕೇಳಿದ್ದರೆ, ಪದ ತಿಳಿಯದಿದ್ದರೂ ಅದರ ಕಟ್ಟು ಅವನಿಗೆ ಹೊಸದಾಗಿ ತೋರುತ್ತಿರಲಿಲ್ಲ.

ಈ ಸಂಗತಿಗಳಲ್ಲಿ ಒಂದೂ ನಮ್ಮ ಶಾಲೆಗಳ ವ್ಯಾಕರಣ ಪುಸ್ತಕಗಳಲ್ಲಿ ಬರಲಿಲ್ಲ. ಲಿಂಡ್ಲಿ ಮರೆ 1795ರಲ್ಲಿ ಯಾರ್ಕಿನ ಬಾಲಕಿಯರ ಶಾಲೆಗೆಂದು ಬರೆದ ಇಂಗ್ಲಿಷ್ ವ್ಯಾಕರಣವು ಲೋಕವನ್ನೇ ಸುತ್ತಿತು. ಅದರ ಬೆನ್ನೆಲುಬು ಲ್ಯಾಟಿನ್. ಆ ಬಳಿಕ ನೆಸ್‌ಫೀಲ್ಡನ ಪುಸ್ತಕಗಳು ಬಂದವು. 1935ರಲ್ಲಿ ರೆನ್ ಮತ್ತು ಮಾರ್ಟಿನ್ ಬಂದರು. ಈ ರೆನ್ ಎಂಬಾತ ‘ಬೋ ಜೆಸ್ಟ್’ ಎಂಬ ಸಾಹಸ ಕಾದಂಬರಿಯ ಕರ್ತೃವೂ ಹೌದು, ಅದರ ಸಾಹಸ ವ್ಯಾಕರಣದೊಳಗೆ ಮಾತ್ರ ಹರಿದುಬರಲಿಲ್ಲ. ಕನ್ನಡದ ಕಡೆಯೂ ಕಥೆ ಇಂಥದೇ. ಇಂಗ್ಲಿಷಿಗೆ ಲ್ಯಾಟಿನ್ನಿನ ಅಂಗಿ ತೊಡಿಸಿದಂತೆ ಕನ್ನಡಕ್ಕೆ ಸಂಸ್ಕೃತದ ಏಳು ವಿಭಕ್ತಿಗಳ ಅಂಗಿ. ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ ಎಂದು ನಾವೆಲ್ಲ ರಾಗವಾಗಿ ಬಾಯಿಪಾಠ ಮಾಡಿದ್ದೇವೆ. ಆದರೆ ‘ಮರದ ದೆಸೆಯಿಂದ ಹಣ್ಣು ಬಿತ್ತು’ ಎಂದು ಯಾವ ತಾಯಿಯ ಮಗುವೂ ಹೇಳಿಲ್ಲ. ಹಣ್ಣು ‘ಮರದಿಂದ’ ಬೀಳುತ್ತದೆ. ಕನ್ನಡಕ್ಕೆ ತೃತೀಯೆಯೂ ಪಂಚಮಿಯೂ ಒಂದೇ. ಏಳರ ಲೆಕ್ಕ ತುಂಬಿಸಲು ಒಂದು ಪ್ರತ್ಯಯವನ್ನು ತಂದು ನಿಲ್ಲಿಸಲಾಯಿತು. ಡಿ. ಎನ್. ಶಂಕರ ಭಟ್ಟರು ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ವಾದಿಸಿದ್ದು ಇಂಥ ಕಾರಣಗಳಿಂದಲೇ. ಅವರ ಲಿಪಿ ಸುಧಾರಣೆಯ ವಿಚಾರಗಳನ್ನು ಒಪ್ಪದವರೂ ಈ ಒಂದು ಮಾತಿಗೆ ಕಿವಿಗೊಡಬೇಕು ಎಂಬುದು ನಮ್ಮ ಅಭಿಪ್ರಾಯ.

ಹೊರಗಿನ ಅಂಗಿ ತೊಡಿಸಿದ ವ್ಯಾಕರಣವನ್ನು ಓದಿದ ನಾವು ಇಂಗ್ಲಿಷ್ ಆಡಲು ತೊಡಗಿದಾಗ, ಬಾಯಿಪಾಠವು ಪುಸ್ತಕದಲ್ಲಿಯೇ ಉಳಿದು, ಮನೆಮಾತಿನ ಅಚ್ಚೇ ನಾಲಿಗೆಗೆ ಬಂತು. ‘ಐ ಟೋಲ್ಡ್ ಹಿಮ್ ಓನ್ಲಿ’ ಎನ್ನುತ್ತೇವೆ. ಅದು ‘ಅವನಿಗೇ ಹೇಳಿದೆ’ ಎಂಬ ಅವಧಾರಣೆಯ ಏಕಾರ. ಆಂಗ್ಲನ ‘ಓನ್ಲಿ’ ‘ಮಾತ್ರ’ ಎಂಬರ್ಥದ್ದು, ನಮ್ಮ ‘ಓನ್ಲಿ’ ಪದದ ಬಾಲಕ್ಕೆ ಅಂಟುವ ಒತ್ತು. ‘ಟುಡೇ ಇಟ್ಸೆಲ್ಫ್’ ಎಂಬುದು ‘ಇವತ್ತೇ’. ‘ಬಿಗ್ ಬಿಗ್ ಮ್ಯಾಂಗೋಸ್’ ಎಂಬುದು ದೊಡ್ಡ ದೊಡ್ಡ ಮಾವಿನಹಣ್ಣು. ‘ಬಸ್ಸುಗಿಸ್ಸು’ ಎಂಬ ಜೋಡುನುಡಿಯಂತೂ ತಮಿಳಿನಲ್ಲಿಯೂ ‘ಬಸ್ಸುಗಿಸ್ಸು’ ಎಂದೇ ಇದೆ. ಅದನ್ನು ಆಂಗ್ಲನಿಗೆ ವಿವರಿಸಲು ಒಂದು ಪುಟ ಬೇಕು. ಇವುಗಳಿಗಿಂತ ಸೂಕ್ಷ್ಮವಾದದ್ದು ‘ಎಂದು’ ಎಂಬ ಪದದ ಕೆಲಸ. ಕನ್ನಡದಲ್ಲಿ ಇನ್ನೊಬ್ಬರ ಮಾತನ್ನು ಹೇಳುವಾಗ ಅವರ ಮಾತನ್ನು ಹಾಗೆಯೇ ಇಟ್ಟು ‘ಅಂತ’ ಸೇರಿಸಿದರೆ ಮುಗಿಯಿತು: ‘ನಾನು ನಾಳೆ ಬರ್ತೀನಿ ಅಂತ ಅವನು ಹೇಳಿದ’. ಇಂಗ್ಲಿಷಿನಲ್ಲಿ ‘ನಾನು’ ‘ಅವನು’ ಆಗಬೇಕು, ‘ವಿಲ್’ ‘ವುಡ್’ ಆಗಬೇಕು, ‘ನಾಳೆ’ ‘ಮರುದಿನ’ ಆಗಬೇಕು. ನಮ್ಮ ಹುಡುಗರು ‘ಹಿ ಟೋಲ್ಡ್ ದಟ್ ಐ ವಿಲ್ ಕಮ್ ಟುಮಾರೊ’ ಎಂದು ಬರೆದು ಕೆಂಪು ಗೆರೆ ಎಳೆಸಿಕೊಳ್ಳುತ್ತಾರೆ. ತಪ್ಪೇನೋ ತಪ್ಪೇ. ಆದರೆ ಅದು ದಡ್ಡತನದ ತಪ್ಪಲ್ಲ. ‘ಎಂದು’ ಎಂಬ ಅಚ್ಚನ್ನು ಮಗು ಚೆನ್ನಾಗಿ ಬಲ್ಲದೆಂಬುದಕ್ಕೆ ಗುರುತು. ಎರಡು ವಾಕ್ಯಗಳನ್ನು ಅಕ್ಕಪಕ್ಕ ಇಟ್ಟು ತೋರಿಸುವ ಉಪಾಧ್ಯಾಯರು ಸಿಕ್ಕಿದರೆ ಆ ಮಗು ಒಂದೇ ಗಂಟೆಯಲ್ಲಿ ಎರಡು ಭಾಷೆಗಳ ವ್ಯಾಕರಣವನ್ನು ಕಲಿಯುತ್ತದೆ.

ಅಚ್ಚುಗಳು ಒಂದರಿಂದೊಂದಕ್ಕೆ ದಾಟುವ ಸಂಗತಿಯನ್ನು ಕನ್ನಡದ ಇನ್ನೊಂದು ಗಡಿಯಲ್ಲಿ ವಿದ್ವಾಂಸರು ಕೂಲಂಕಷವಾಗಿ ಪರಿಶೀಲಿಸಿದ್ದಾರೆ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕುಪ್ವಾರ್ ಎಂಬ ಹಳ್ಳಿಯ ಮಾತನ್ನು ಕುರಿತು ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಲೇಖನವು ಭಾಷಾವಿಜ್ಞಾನದ ವಿದ್ಯಾರ್ಥಿಗಳೆಲ್ಲ ಓದುವಂಥದು. ಅಲ್ಲಿ ಕನ್ನಡ, ಮರಾಠಿ, ಉರ್ದು ತಲೆತಲಾಂತರದಿಂದ ಒಟ್ಟಿಗೆ ಬಾಳಿ, ಮೂರರ ವಾಕ್ಯಗಳ ಕಟ್ಟು ಒಂದೇ ಆಗಿಬಿಟ್ಟಿದೆ. ಒಂದು ಭಾಷೆಯ ವಾಕ್ಯವನ್ನು ಪದಕ್ಕೆ ಪದ ಇಟ್ಟು ಇನ್ನೊಂದಕ್ಕೆ ತಿರುಗಿಸಬಹುದು. ‘ಇದು ನಿಮ್ಮ ಮನೆ’ ಎಂದು ನಾವು ಕ್ರಿಯಾಪದವಿಲ್ಲದೆ ಮುಗಿಸುವ ವಾಕ್ಯಕ್ಕೆ ಅಲ್ಲಿಯ ಕನ್ನಡಿಗರು ಮರಾಠಿ ಉರ್ದುಗಳಂತೆ ಕೊನೆಯಲ್ಲಿ ‘ಐತಿ’ ಸೇರಿಸುತ್ತಾರೆ. ಆದರೆ ಪದಗಳು ಮಾತ್ರ ಮೂರು ಮನೆಗಳಲ್ಲಿ ಬೇರೆ ಬೇರೆಯಾಗಿಯೇ ಉಳಿದಿವೆ, ಯಾರು ಯಾವ ಮನೆಯವರೆಂಬುದು ಅವುಗಳಿಂದಲೇ ತಿಳಿಯುತ್ತದೆ.

ನಮ್ಮ ಕಣಿವೆಯಲ್ಲಿ ನಡೆದದ್ದು ಇದರ ತಿರುವುಮುರುವು. ಕನ್ನಡಕ್ಕೂ ತಮಿಳಿಗೂ ವಾಕ್ಯದ ಅಚ್ಚು ಹುಟ್ಟಿನಿಂದಲೇ ಒಂದು. ಬೆರೆಯಲು ಅಚ್ಚು ಬದಲಾಗಬೇಕಾಗಿರಲಿಲ್ಲ. ಪದವೊಂದನ್ನು ತೆಗೆದು ಇನ್ನೊಂದನ್ನು ಇಟ್ಟರೆ ಸಾಕಾಗಿತ್ತು. ಈ ಸಲೀಸುತನವೇ ನಮ್ಮ ಅಪಾಯ. ಮರಾಠಿ ಗಡಿಯ ಕನ್ನಡಿಗನು ಭಾಷೆ ದಾಟುವಾಗ ಹೊಸ್ತಿಲು ಕಾಲಿಗೆ ತಗಲುತ್ತಿತ್ತು. ನಮ್ಮಲ್ಲಿ ಹೊಸ್ತಿಲೇ ಇಲ್ಲ. ‘ಹಸಿವು’ ಹೋಗಿ ‘ಪಸಿ’ ಬಂದರೂ, ‘ಹಾಲು’ ಹೋಗಿ ‘ಪಾಲು’ ಬಂದರೂ ವಾಕ್ಯ ಅಲುಗುವುದಿಲ್ಲ, ಆಡಿದವರಿಗೂ ಅರಿವಾಗುವುದಿಲ್ಲ. ಕೊನೆಗೆ ಉಳಿಯುವ ಗಡಿಕಲ್ಲುಗಳು ಆ ಪ್ರತ್ಯಯಗಳೇ: ‘ಐ’ ಅಲ್ಲದ ‘ಅನ್ನು’, ‘ಉಕ್ಕು’ ಅಲ್ಲದ ‘ಇಗೆ’, ‘ಆಚ್ಚು’ ಅಲ್ಲದ ‘ಆಯ್ತು’, ‘ವರವಿಲ್ಲೈ’ ಅಲ್ಲದ ‘ಬರಲಿಲ್ಲ’. ಮಕ್ಕಳಿಗೆ ನಾವು ಕನ್ನಡ ಕಲಿಸಹೊರಟಾಗ ಹೂವು ಹಣ್ಣು ಪ್ರಾಣಿಗಳ ಹೆಸರಿನ ಪಟ್ಟಿಯನ್ನು ಮೊದಲು ಕೊಡುತ್ತೇವೆ. ಬಣ್ಣದ ಚಿತ್ರಗಳಿರುತ್ತವೆ, ಮಕ್ಕಳಿಗೂ ಇಷ್ಟ. ಆದರೆ ಹೆಸರುಗಳನ್ನು ಕಲಿತ ಮಗು ಅವನ್ನು ತಮಿಳು ವಾಕ್ಯದಲ್ಲಿಯೋ ಇಂಗ್ಲಿಷ್ ವಾಕ್ಯದಲ್ಲಿಯೋ ಇಟ್ಟು ಆಡುತ್ತದೆ. ಅಜ್ಜಿಯರು ಹಾಗೆ ಕಲಿಸಲಿಲ್ಲ. ‘ಆವಿಗೆ ಹುಲ್ಲು ಹಾಕ್ದ್ಯಾ?’ ಎಂದು ಕೇಳಿ, ‘ಹಾಕ್ದೆ’ ಎಂಬ ಉತ್ತರವನ್ನು ಪಡೆದು ಕಲಿಸಿದರು. ಆ ಪ್ರಶ್ನೋತ್ತರದಲ್ಲಿ ಚತುರ್ಥಿಯೂ ಇತ್ತು, ಭೂತಕಾಲವೂ ಇತ್ತು, ಮಧ್ಯಮ ಮತ್ತು ಉತ್ತಮ ಪುರುಷಗಳೂ ಇದ್ದವು.

ನಮ್ಮವರ ಮನೆಗಳ ಲಗ್ನಪತ್ರಿಕೆಗಳು ತಮಿಳಿನಲ್ಲಿ ಅಚ್ಚಾಗುತ್ತವೆ, ಈಚೆಗೆ ಒಂದು ಬದಿಯಲ್ಲಿ ಇಂಗ್ಲಿಷೂ ಇರುತ್ತದೆ. ಕನ್ನಡ ಅಕ್ಷರ ಬಲ್ಲವರು ಕಡಿಮೆಯಾದ್ದರಿಂದ ಮೊಬೈಲಿನಲ್ಲಿ ಕಳಿಸುವ ಸಂದೇಶವನ್ನು ತಮಿಳು ಲಿಪಿಯಲ್ಲಿಯೋ ಇಂಗ್ಲಿಷ್ ಅಕ್ಷರಗಳಲ್ಲಿಯೋ ಬರೆಯುತ್ತಾರೆ. ತಮಿಳು ಲಿಪಿಯಲ್ಲಿ ಕಕಾರ ಗಕಾರಗಳಿಗೆ ಒಂದೇ ಅಕ್ಷರ. ‘ಮದುವೆಗೆ’ ಎಂಬುದು ‘ಮತುವೆಕೆ’ಯಂತೆ ಕಾಣುತ್ತದೆ. ಓದುವವರು ತಡವರಿಸದೆ ‘ಮದುವೆಗೆ’ ಎಂದೇ ಓದಿಕೊಳ್ಳುತ್ತಾರೆ, ಬಸ್ಸಿಗೆ ಟಿಕೆಟ್ ಬುಕ್ ಮಾಡುತ್ತಾರೆ, ‘ಗುರುವಾರವೇ ಬರ್ತೀವಿ’ ಎಂದು ಮರುಸಂದೇಶ ಕಳಿಸುತ್ತಾರೆ.